ಬಿಗಿದವರೊಬ್ಬರು, ಬಿಚ್ಚುವವರೊಬ್ಬರು

ಕೊನೆಗೌಡ ಮರ ಹತ್ತುವ ಮುನ್ನ ಹಗ್ಗವನ್ನು ಎಳೆದು ನೋಡುತ್ತಾನೆ. ಮದ್ದು ಹೊಡೆಯುವವನು ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ, ಅದಕ್ಕೆ ತಾಮ್ರದ ಬಣ್ಣ ಹಿಡಿಯಿತೇ ಎಂದು ನೋಡದೆ ಪಂಪು ಶುರು ಮಾಡುವುದಿಲ್ಲ. ಕೆಲಸಕ್ಕೆ ಮೊದಲು ಮುಟ್ಟಿ ಪರೀಕ್ಷಿಸುವ ಈ ಗುಣ ನಮ್ಮ ಬೆಳೆಗಾರರಿಗೆ ತಲೆಮಾರುಗಳಿಂದ ಬಂದದ್ದು. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತ ಪಿಕಪ್ಪು, ಜೀಪು, ಟಿಲ್ಲರು, ಪಂಪುಸೆಟ್ಟುಗಳ ಅಡಿಯಲ್ಲಿರುವ ಒಂದು ಬೋಲ್ಟಿನ ವಿಷಯದಲ್ಲಿ ಮಾತ್ರ ನಾವು ಏನನ್ನೂ ನೋಡುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಎಂಜಿನ್ನಿನ ಹಳೆಯ ಎಣ್ಣೆಯನ್ನು ಕೆಳಗೆ ಬಿಡುವ ಬೋಲ್ಟು ಅದು. ಗ್ಯಾರೇಜಿನ ಮಾತಿನಲ್ಲಿ ಡ್ರೇನ್ ಬೋಲ್ಟು.

ಇಷ್ಟು ಸಣ್ಣ ವಿಷಯಕ್ಕೆ ಸಂಘದ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೆಲವರು ಕೇಳಬಹುದು. ಕೇಳುವವರು ಫೆಬ್ರವರಿ-ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ರೊಬಸ್ಟಾ ಗಿಡ ಮೊಗ್ಗು ಕಟ್ಟಿ ನೀರಿಗಾಗಿ ಕಾಯುತ್ತಿರುತ್ತದೆ. ಮಳೆ ಬರದಿದ್ದರೆ ತುಂತುರು ನೀರಾವರಿಯೇ ಗತಿ. ಡೀಸೆಲ್ ಎಂಜಿನ್ನು ಹಗಲು ರಾತ್ರಿ ಓಡಬೇಕು. ಎಣ್ಣೆ ಬದಲಾಯಿಸುವ ಗಡುವು ಬಂದಿದೆ, ಬೋಲ್ಟು ಅಲುಗುವುದಿಲ್ಲ, "ಈ ಸಲ ಹೀಗೇ ಓಡಲಿ" ಎಂದು ಮೇಲಿನಿಂದ ಅರ್ಧ ಲೀಟರು ಹೊಸ ಎಣ್ಣೆ ಸುರಿದು ಮುಗಿಸುತ್ತೇವೆ. ಕಪ್ಪಾಗಿ, ಮಣ್ಣು-ಮಸಿ ತುಂಬಿದ ಎಣ್ಣೆಗೆ ಬೇರಿಂಗನ್ನು ಕಾಯುವ ಶಕ್ತಿ ಉಳಿದಿರುವುದಿಲ್ಲ. ಎಂಜಿನ್ನು ಹೂವಿನ ಹೊತ್ತಿನಲ್ಲಿ ಹಿಡಿದುಕೊಂಡು ನಿಂತರೆ ಆ ವರ್ಷದ ಫಸಲಿನ ಗತಿ ಏನೆಂಬುದನ್ನು ಕಾಫಿ ಬೆಳೆಗಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ತಿಂಗಳಲ್ಲಿ ಅಡಿಕೆ ಹೊರುವ ಪಿಕಪ್ಪಿಗೂ ಇದೇ ಮಾತು ಸಲ್ಲುತ್ತದೆ. ಅದೇ ಗಾಡಿ ರಾತ್ರಿ ಹೊತ್ತು ರೋಗಿಯನ್ನೂ ಪೇಟೆಗೆ ಒಯ್ಯಬೇಕಾದದ್ದು.

ಆದ್ದರಿಂದ ಇದು ಸಣ್ಣ ಬೋಲ್ಟಾದರೂ ದೊಡ್ಡ ವಿಷಯವೆಂಬುದು ನಮ್ಮ ಅಭಿಪ್ರಾಯ.

ದೋಷ ಎಲ್ಲಿದೆ?

ಬೋಲ್ಟು ಬಿಚ್ಚದಿದ್ದಾಗ ತುಕ್ಕನ್ನು ದೂರುವುದು ವಾಡಿಕೆ. ಮಲೆನಾಡಿನ ಮಳೆಯಲ್ಲಿ ತುಕ್ಕು ಹಿಡಿಯುವುದು ನಿಜ. ಮದ್ದಿನ ಡ್ರಮ್ಮು ಹೊರುವ ಗಾಡಿಯಾದರೆ ಮೈಲುತುತ್ತದ ಹನಿ ಬಿದ್ದು ಕಬ್ಬಿಣ ಇನ್ನೂ ಬೇಗ ತಿನ್ನುತ್ತದೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಾವೆಲ್ಲ ಬಲ್ಲೆವಲ್ಲ, ಕಾರಣ ಅದೇ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಮ್ಮಿನ ಎಣ್ಣೆತೊಟ್ಟಿ, ನಡುವೆ ತೇವ ಎಂದಾದರೆ ಎರಡು ಲೋಹಗಳು ಒಂದನ್ನೊಂದು ಕಚ್ಚಿಕೊಳ್ಳುವುದೂ ಉಂಟು.

ಆದರೆ ಒಂದು ಅಂಶವನ್ನು ಗಮನಿಸಬೇಕು. ಈ ಬೋಲ್ಟಿನ ಥ್ರೆಡ್ಡಿನ ಒಳತುದಿ ಸದಾ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಣ್ಣೆಯಲ್ಲಿರುವ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಅಪರೂಪ. ಹಾಗಾದರೆ ಬೋಲ್ಟು ಅಷ್ಟೊಂದು ಸಿಕ್ಕಿಕೊಳ್ಳುವುದೇಕೆ? ಹಿಂದಿನ ಸಲ ಹಾಕಿದ ಕೈ ಅಳತೆ ಮೀರಿ ಬಿಗಿದದ್ದರಿಂದ. ಹತ್ತರಲ್ಲಿ ಎಂಟು ಪ್ರಕರಣಗಳ ಕಥೆ ಇಷ್ಟೇ ಎಂದು ಅನುಭವಿ ಮಿಸ್ತ್ರಿಗಳನ್ನು ಕೇಳಿದ ಯಾರಿಗೂ ಅನಿಸದೆ ಇರದು.

ಲೆಕ್ಕ ಹಾಕಿ ನೋಡೋಣ. ಅನೇಕ ಗಾಡಿಗಳ ಡ್ರೇನ್ ಬೋಲ್ಟಿಗೆ ತಯಾರಕರು ಹೇಳುವ ಬಿಗಿ ಸುಮಾರು 25ರಿಂದ 40 ನ್ಯೂಟನ್ ಮೀಟರು. ಹಳೆಯ ಲೆಕ್ಕದಲ್ಲಿ ಎರಡೂವರೆಯಿಂದ ನಾಲ್ಕು ಕಿಲೋಗ್ರಾಂ ಮೀಟರು. 20 ಸೆಂಟಿಮೀಟರು ಉದ್ದದ ಸ್ಪ್ಯಾನರನ್ನು 15 ಕಿಲೋ ಬಲದಿಂದ ಎಳೆದರೆ ಮೂರು ಕಿಲೋಗ್ರಾಂ ಮೀಟರು ಆಯಿತು, ಅಂದರೆ ಅಷ್ಟಕ್ಕೇ ಸಾಕು. ಅದೇ ಸ್ಪ್ಯಾನರಿಗೆ ಪೈಪು ತೂರಿಸಿ 60 ಸೆಂಟಿಮೀಟರು ಮಾಡಿ ಅದೇ 15 ಕಿಲೋ ಬಲ ಹಾಕಿದರೆ ಒಂಬತ್ತಾಗುತ್ತದೆ, ಅಂದರೆ ಮೂರು ಪಟ್ಟು. 60 ಕಿಲೋ ತೂಕದ ಹುಡುಗ ಅದರ ತುದಿಯ ಮೇಲೆ ಕಾಲಿಟ್ಟು ನಿಂತರೆ ಮೂವತ್ತಾರು! ಹೀಗೆ ಹಾಕಿದ ಬೋಲ್ಟು ಮುಂದಿನ ಸಲ ಸುಲಭವಾಗಿ ಬಿಚ್ಚಬೇಕೆಂದರೆ ಹೇಗೆ?

ಹಾಗಾದರೆ ಬಿಗಿಯುವವನಿಗೆ ಇಷ್ಟು ಉತ್ಸಾಹವೇಕೆ? ಇಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಸರ್ವಿಸ್ ಆದ ಮರುದಿನ ಅಂಗಳದಲ್ಲಿ ಎಣ್ಣೆಯ ಒಂದು ಹನಿ ಕಂಡರೆ ಗಾಡಿಯ ಯಜಮಾನ ಗ್ಯಾರೇಜಿಗೆ ಹೋಗಿ ಗದರುತ್ತಾನೆ. ಬೋಲ್ಟು ಅತಿಯಾಗಿ ಬಿಗಿಯಾಗಿದೆ ಎಂದು ಗದರಿದ ಯಜಮಾನನನ್ನು ಯಾರಾದರೂ ಕಂಡಿದ್ದೀರಾ? ಸೋರಿಕೆ ನಾಳೆಯೇ ಕಾಣುತ್ತದೆ. ಅತಿಬಿಗಿ ಕಾಣುವುದು ಆರು ತಿಂಗಳ ನಂತರ, ಅದೂ ಬೇರೊಬ್ಬ ಮಿಸ್ತ್ರಿಯ ಕೈಗೆ. ಬಿಗಿದವರೊಬ್ಬರು, ಬಿಚ್ಚುವವರೊಬ್ಬರು, ದಂಡ ತೆರುವವರು ಬೆಳೆಗಾರರು. ಈ ವ್ಯವಸ್ಥೆ ಇರುವವರೆಗೆ ಬೋಲ್ಟುಗಳು ಸಿಕ್ಕಿಕೊಳ್ಳುತ್ತಲೇ ಇರುತ್ತವೆ.

ಎಣ್ಣೆ ಸೋರದಂತೆ ತಡೆಯುವುದು ತೋಳಿನ ಬಲವಲ್ಲ, ಬೋಲ್ಟಿನ ತಲೆಯಡಿ ಇರುವ ವಾಷರು. ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಮೆದು ವಾಷರು ಒತ್ತಡಕ್ಕೆ ಹಿಂಡಿಕೊಂಡು ಗೀರುಗಳನ್ನು ತುಂಬುತ್ತದೆ. ಒಮ್ಮೆ ಹಿಂಡಿದ ವಾಷರು ಗಡುಸಾಗುತ್ತದೆ. ಎರಡನೆಯ ಸಲ ಅದು ಗೀರು ತುಂಬುವುದಿಲ್ಲ. ಹಳೆಯ ವಾಷರನ್ನೇ ಹಾಕಿದ ಮಿಸ್ತ್ರಿ ಸೋರಿಕೆಯ ಹೆದರಿಕೆಯಿಂದ ಪೈಪು ತರುತ್ತಾನೆ. ಒಂದೆರಡು ಚಹಾದ ಬೆಲೆಯ ವಾಷರು ಉಳಿಸಲು ಹೋಗಿ ಎಣ್ಣೆತೊಟ್ಟಿಗೇ ಸಂಚಕಾರ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಮೆದು ಮಾಡಿ ಮತ್ತೆ ಹಾಕುವ ಹಳೆಯ ರೂಢಿಯೂ ಉಂಟು. ಆದರೆ ಸಿಗುವ ಕಾಲದಲ್ಲಿ ಹೊಸದೇ ಲೇಸು.

ಗೋಪನಕೊಪ್ಪದ ಪಾಠ

ಹುಬ್ಬಳ್ಳಿ ಅಡಿಕೆ ಬೆಳೆಯುವ ಊರಲ್ಲ, ಕಾಫಿ ಬೆಳೆಯುವ ಊರೂ ಅಲ್ಲ. ಆದರೂ ಯಲ್ಲಾಪುರ, ಮುಂಡಗೋಡ, ಶಿರಸಿ ಕಡೆಯ ತೋಟದ ಮನೆಗಳಿಗೆ ಯಂತ್ರದ ವಿಷಯದಲ್ಲಿ ಹುಬ್ಬಳ್ಳಿಯೇ ದೊಡ್ಡ ಪೇಟೆ. ಊರಲ್ಲಿ ಆಗದ ರಿಪೇರಿ, ಊರಲ್ಲಿ ಸಿಗದ ಬಿಡಿಭಾಗ ಎಂದರೆ ಗಾಡಿ ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೊರಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದ ರೈಲ್ವೆ ಕಾರ್ಯಾಗಾರ ಇಂದಿಗೂ ನಡೆಯುತ್ತಿರುವ ಊರು ಇದು. 1997ರಿಂದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಇಲ್ಲಿಯೇ. ಲೇತು, ವೆಲ್ಡಿಂಗು, ಪಾನಾ ಹಿಡಿದ ಕೈಗಳಿಗೆ ಇಲ್ಲಿ ಕೊರತೆ ಇಲ್ಲ. ಕೇಶ್ವಾಪುರದ ಮಗ್ಗುಲಿನ ಗೋಪನಕೊಪ್ಪ ಹೆಸರಿನಲ್ಲಿ ಇನ್ನೂ ಕೊಪ್ಪವೇ ಆಗಿದ್ದರೂ ಈಗ ಮಹಾನಗರದ ಒಂದು ಭಾಗ. ಮಕ್ಕಳ ಓದಿಗೆ, ನೌಕರಿಗೆ ಹುಬ್ಬಳ್ಳಿಗೆ ಬಂದು ನೆಲೆಸಿದ ನಮ್ಮಂಥ ತೋಟದ ಮನೆಯವರು ಈ ಕಡೆ ಇದ್ದೇವೆ. ಊರಿನ ಗಾಡಿಗಳು ರಿಪೇರಿಗೆ ಬಂದಾಗ ಜೊತೆಗೆ ಹೋಗಿ ನಿಲ್ಲುವ ಕೆಲಸ ನಮ್ಮದು.

ಹೀಗೆ ನಿಂತು ನೋಡಿದ್ದರಿಂದ ನಾವು ಕಲಿತದ್ದು ಒಂದು ಮಾತು. ತಲೆ ಸವೆದು ದುಂಡಗಾದ ಬೋಲ್ಟನ್ನು ನೋಡಿದ ಒಳ್ಳೆಯ ಮಿಸ್ತ್ರಿ ಮೊದಲು ಸುತ್ತಿಗೆ ಕೇಳುವುದಿಲ್ಲ. "ಹಿಂದಿನ ಸಲ ಇದನ್ನ ಹಾಕಿದವರು ಯಾರ್‍ರೀ?" ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಆಮೇಲೆ ಆತ ಮಾಡುವ ಕೆಲಸ ಬಹುಮಟ್ಟಿಗೆ ಹದಿನೈದು ಇಪ್ಪತ್ತು ನಿಮಿಷದ್ದು. ಅದಕ್ಕೆ ಬೇಕಾದ ಸಾಮಾನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು. ಅಷ್ಟಕ್ಕಾಗಿ ಯಲ್ಲಾಪುರದಿಂದ ಸುಮಾರು 70 ಕಿಲೋಮೀಟರು, ಶಿರಸಿಯಿಂದ ಸುಮಾರು 100 ಕಿಲೋಮೀಟರು ಗಾಡಿ ಬರಬೇಕೇ? ಹಳೆಯ ಎಣ್ಣೆಯಲ್ಲಿ ಓಡಿಕೊಂಡು ಬರುವುದು ಬೇರೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಎಂದರೆ ಇದೇ.

ಬಿಚ್ಚುವ ಕ್ರಮ

ಕ್ರಮ ತಪ್ಪಿದರೆ ಸುಲಭದ್ದು ಕಷ್ಟವಾಗುತ್ತದೆ. ಆದ್ದರಿಂದ ಇಲ್ಲಿ ಕ್ರಮವನ್ನು ಹೇಳಲೇಬೇಕಾಗಿದೆ.

ಮೊದಲನೆಯದು ಜೀವದ ಮಾತು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ನಮ್ಮ ಅಂಗಳಗಳು ಇಳಿಜಾರು, ಮಣ್ಣು ಮೆದು. ಕೈಗೆ ಸಿಕ್ಕ ಚಿರೆಕಲ್ಲು ಜೋಡಿಸಿ ಗಾಡಿ ಕೂರಿಸುವವರಿದ್ದಾರೆ. ಚಿರೆಕಲ್ಲು ಯಾವಾಗ ಹೋಳಾಗುತ್ತದೆಂದು ಹೇಳಲಾಗದು. ಸಿಕ್ಕಿಕೊಂಡ ಬೋಲ್ಟಿಗೆ ಜೋರಾಗಿ ಎಳೆಯುವಾಗ ಗಾಡಿಯೂ ಅಲುಗುತ್ತದೆ ಎಂಬುದನ್ನು ಮರೆಯಬಾರದು. ಸಮತಟ್ಟು ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಕಬ್ಬಿಣದ ಸ್ಟ್ಯಾಂಡು ಇಷ್ಟಿಲ್ಲದೆ ಕೆಲಸಕ್ಕೆ ಕೈ ಹಚ್ಚಬಾರದು.

ಎರಡನೆಯದು, ಇದು ಎಂಜಿನ್ನಿನ ಬೋಲ್ಟೇ ಹೌದೇ, ಗೇರುಬಾಕ್ಸಿನದೇ ಎಂದು ಖಚಿತ ಮಾಡಿಕೊಳ್ಳಬೇಕು. ತಿರುಗಿಸಬೇಕಾದ ದಿಕ್ಕನ್ನೂ ಹಾಗೆಯೇ. ಬೋಲ್ಟಿನ ತಲೆಗೆ ಎದುರಾಗಿ ಮುಖ ಮಾಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ಮೇಲಿನಿಂದ ಬಗ್ಗಿ ಕೈ ಹಾಕಿದವನಿಗೆ ಇದು ತಿರುವುಮುರುವಾಗಿ ತೋರುತ್ತದೆ. ಬಿಚ್ಚುತ್ತೇವೆಂದು ಇನ್ನಷ್ಟು ಬಿಗಿದ ಬೋಲ್ಟುಗಳು ನಾಡಿನಲ್ಲಿ ಕಡಿಮೆ ಇಲ್ಲ.

ಮೂರನೆಯದು, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗೆ ಮಾಡಿ ನಿಲ್ಲಿಸಬೇಕು. ಕೈ ಸುಡುವಷ್ಟು ಬಿಸಿ ಬೇಡ. ತಂತಿಬ್ರಷ್ಷಿನಿಂದ ತಲೆಯ ಮಣ್ಣು ಉದುರಿಸಬೇಕು. ಅಂಚಿನಲ್ಲಿ ತುಕ್ಕಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಇಡೀ ಹಾಗೆಯೇ ಬಿಡಬಹುದು.

ನಾಲ್ಕನೆಯದು, ಸರಿಯಾದ ಸ್ಪ್ಯಾನರು. ಇಲ್ಲಿಯೇ ಅರ್ಧ ಅನಾಹುತ ನಡೆಯುವುದು. ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಹಳೆಯ ಜೀಪು, ಹಳೆಯ ಟ್ರ್ಯಾಕ್ಟರಿನ ಕಾಲದ ಇಂಚಿನ ಸ್ಪ್ಯಾನರುಗಳೂ ಹೊಸ ಮಿಲಿಮೀಟರಿನವೂ ಒಟ್ಟಿಗೆ ಬಿದ್ದಿರುತ್ತವೆ. 3/4 ಇಂಚಿನದು 19 ಮಿಲಿಮೀಟರಿಗೆ ಸರಿಹೋಗುತ್ತದೆ ನಿಜ. ಆದರೆ 11/16 ಇಂಚೆಂದರೆ ಹದಿನೇಳೂವರೆ ಮಿಲಿಮೀಟರಿಗೆ ಹತ್ತಿರ. 17ರ ತಲೆಗೆ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಬಿದ್ದೊಡನೆ ಮೂಲೆ ಸವೆಯುತ್ತದೆ. ಬಾಯಿ ತೆರೆದ ಸ್ಪ್ಯಾನರು ಬೇಡ. ಹನ್ನೆರಡು ಮೂಲೆಯ ರಿಂಗೂ ಬೋಲ್ಟಿನ ಮೂಲೆಗಳ ಹತ್ತಿರವೇ ಒತ್ತುತ್ತದೆ. ಆರು ಮೂಲೆಯ ಸಾಕೆಟ್ಟು ಮಾತ್ರ ಬೋಲ್ಟಿನ ಚಪ್ಪಟೆ ಮುಖಗಳನ್ನು ಪೂರ್ತಿ ಹಿಡಿಯುತ್ತದೆ. ಅದನ್ನು ಕೊನೆಯವರೆಗೂ ನೆಟ್ಟಗೆ ಕೂರಿಸಿ, ಒಂದು ಕೈಯಿಂದ ಒತ್ತಿ ಹಿಡಿದು, ಹಿಡಿಯ ತುದಿಗೆ ಅಂಗೈಯಿಂದ ಚುರುಕಾಗಿ ಹೊಡೆಯಬೇಕು. ಮೆಲ್ಲಗೆ ಹೆಚ್ಚುವ ಬಲಕ್ಕಿಂತ ಚುರುಕು ಪೆಟ್ಟಿಗೆ ಬೋಲ್ಟು ಬೇಗ ಮಣಿಯುತ್ತದೆ.

ಇಷ್ಟಕ್ಕೇ ಹೆಚ್ಚಿನ ಬೋಲ್ಟುಗಳು ಬಿಡುತ್ತವೆ. ತಲೆ ಈಗಾಗಲೇ ದುಂಡಗಾಗಿದ್ದರೆ ಮುಂದಿನ ಮೆಟ್ಟಿಲು. ಒಂದು ಅಳತೆ ಕಡಿಮೆಯ ಆರು ಮೂಲೆಯ ಸಾಕೆಟ್ಟನ್ನು, ಅಂದರೆ 17ರ ತಲೆಗೆ 16ರದ್ದನ್ನು, ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಬಹುದು. ಇಲ್ಲವೇ ಅರದಿಂದ ಎದುರುಬದುರು ಎರಡು ಮುಖಗಳನ್ನು ಚಪ್ಪಟೆ ಮಾಡಿ ಕಚ್ಚುವ ಇಕ್ಕಳ ಅಥವಾ ಪೈಪ್ ರೆಂಚು ಹಾಕಬಹುದು. ದುಂಡಗಾದ ತಲೆಗೆಂದೇ ಒಳಗೆ ಹಲ್ಲುಗಳಿರುವ ಸಾಕೆಟ್ಟುಗಳು ಈಗ ದೊರೆಯುತ್ತವೆ. ತಿರುಗಿಸಿದಷ್ಟೂ ಅವು ಕಚ್ಚುತ್ತವೆ. ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ಹೊಡೆಯುವುದು ಕಟ್ಟಕಡೆಯ ಉಪಾಯ. ಅಲ್ಯೂಮಿನಿಯಮ್ಮಿನ ತೊಟ್ಟಿಯಾದರೆ ಬಿರುಕು ಬಿಡುವ ಭಯವಿದೆ, ಕಣ್ಣಿಗೆ ಚೂರು ಸಿಡಿಯುವ ಭಯವೂ ಇದೆ. ಸವೆದ ತಲೆಯ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸುವುದು ಒಳ್ಳೆಯ ಉಪಾಯವೇ. ಕಾವೂ ಸಿಗುತ್ತದೆ, ಹಿಡಿತವೂ ಸಿಗುತ್ತದೆ. ಆದರೆ ಎಣ್ಣೆ ತುಂಬಿದ ತೊಟ್ಟಿಯ ಕೆಳಗಿನ ಬೆಂಕಿಯ ಕೆಲಸ ಅದು. ಬಲ್ಲ ಮಿಸ್ತ್ರಿಗೇ ಬಿಡತಕ್ಕದ್ದು.

ಯಾವುದೂ ಆಗದಿದ್ದರೆ? ಎಣ್ಣೆ ಬದಲಾವಣೆಯನ್ನು ಮುಂದೂಡಬೇಕಾಗಿಲ್ಲ. ಎಣ್ಣೆ ಅಳೆಯುವ ಕಡ್ಡಿಯ ಕೊಳವೆಯಲ್ಲಿ ಸಪೂರ ನಳಿಗೆ ಇಳಿಸಿ ಕೈಪಂಪಿನಿಂದ ಹಳೆಯ ಎಣ್ಣೆಯನ್ನು ಮೇಲಕ್ಕೇ ಎಳೆಯಬಹುದು. ತಳದ ಗಸಿ ಸ್ವಲ್ಪ ಉಳಿಯುತ್ತದೆ. ಆದರೂ ಹಳೆಯ ಎಣ್ಣೆಯಲ್ಲೇ ಓಡಿಸುವುದಕ್ಕಿಂತ ನೂರು ಪಾಲು ಮೇಲು. ಬೋಲ್ಟಿನ ಕೆಲಸ ಬಿಡುವು ಸಿಕ್ಕಾಗ ಆಗಲಿ. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದರಿಂದ ಬಡಿದು, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು.

ಬೋಲ್ಟು ಹೊರಬಂದ ಮೇಲೆ ಸವೆದದ್ದನ್ನು ಮತ್ತೆ ಹಾಕಕೂಡದು. ಹೊಸ ಬೋಲ್ಟು, ಹೊಸ ವಾಷರು. ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲೇ. ಕೊನೆಗೆ ಕೈಪಿಡಿ ಹೇಳಿದಷ್ಟೇ ಬಿಗಿ. ಬರಿಗೈಗೆ ಸುತ್ತದ ಬೋಲ್ಟು ಅಡ್ಡ ಕೂತಿದೆ ಎಂದರ್ಥ. ಬಲ ಹಾಕಿದರೆ ತೊಟ್ಟಿಯ ಥ್ರೆಡ್ಡು ಹೋಗುತ್ತದೆ.

ಸಂಘ ಏನು ಮಾಡಬಹುದು?

ಮೇಲೆ ಹೇಳಿದ ಸಾಮಾನುಗಳನ್ನು ಒಬ್ಬೊಬ್ಬ ಸಣ್ಣ ಬೆಳೆಗಾರನೂ ಕೊಂಡಿಡಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಒಂದೆರಡು ದಿನ ಬೇಕಾಗುವ ವಸ್ತು ಅದು. ಇಂಥದಕ್ಕಾಗಿಯೇ ಅಲ್ಲವೇ ಸಹಕಾರ? 1923ರಲ್ಲಿ ಶಿರಸಿಯ ತೋಟಗಾರರು ಸೇಲ್ ಸೊಸೈಟಿ ಕಟ್ಟಿದ್ದೂ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡಲೆಂದೇ. ಮಾರಾಟದಲ್ಲಿ ಕೂಡಿದ ನಾವು ಒಂದು ಸಾಕೆಟ್ಟಿನ ಪೆಟ್ಟಿಗೆಗೆ ಕೂಡಲಾರೆವೇ?

ನಮ್ಮ ಸಲಹೆ ಇಷ್ಟು. ಪ್ರತಿಯೊಂದು ಸಂಘದ ಮಳಿಗೆಯಲ್ಲಿಯೂ ಒಂದು ಪೆಟ್ಟಿಗೆ ಇರಲಿ. ಅದರಲ್ಲಿ ಆರು ಮೂಲೆಯ ಸಾಕೆಟ್ಟುಗಳು, ದುಂಡಗಾದ ತಲೆ ಹಿಡಿಯುವ ಸಾಕೆಟ್ಟುಗಳು, ಬಿಗಿ ಅಳೆಯುವ ಟಾರ್ಕ್ ರೆಂಚು, ಒಂದು ಜೊತೆ ಸ್ಟ್ಯಾಂಡು, ಎಣ್ಣೆ ಎಳೆಯುವ ಕೈಪಂಪು ಇರಲಿ. ಸದಸ್ಯರ ಗಾಡಿಗಳಿಗೆ ಹೊಂದುವ ವಾಷರು, ಬೋಲ್ಟುಗಳನ್ನು ಗೊಬ್ಬರ-ಮದ್ದಿನಂತೆಯೇ ಮಾರಾಟಕ್ಕಿಡಲಿ. ಊರಿನ ಗ್ಯಾರೇಜಿನ ಹುಡುಗರನ್ನು ಕರೆದು ಒಂದು ದಿನದ ಶಿಬಿರ ನಡೆಸಲಿ. ಅವರನ್ನು ದೂರುವುದಕ್ಕಲ್ಲ, ಕೈಗೆ ಸರಿಯಾದ ಹತ್ಯಾರು ಕೊಡುವುದಕ್ಕೆ. ಪೈಪಲ್ಲದೆ ಬೇರೇನೂ ಇಲ್ಲದವನು ಪೈಪನ್ನೇ ಹಿಡಿಯುತ್ತಾನೆ.

ಕೊಟ್ಟ ಸ್ಪ್ಯಾನರು ತಿರುಗಿ ಬರುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಠೇವಣಿ ಇಟ್ಟುಕೊಳ್ಳಲಿ, ಪುಸ್ತಕದಲ್ಲಿ ಬರೆದುಕೊಳ್ಳಲಿ. ಲಕ್ಷಾಂತರ ರೂಪಾಯಿ ಸಾಲದ ಲೆಕ್ಕ ಇಡಬಲ್ಲ ಸಂಘಕ್ಕೆ ಒಂದು ಪೆಟ್ಟಿಗೆಯ ಲೆಕ್ಕ ಭಾರವಾಗದು. "ನಾವು ಕೃಷಿಕರು, ಮಿಸ್ತ್ರಿಗಳಲ್ಲ" ಎಂಬವರೂ ಇದ್ದಾರೆ. ಅವರು ಕೆಳಗೆ ಮಲಗಿ ಬೋಲ್ಟು ಬಿಚ್ಚಬೇಕಾಗಿಲ್ಲ. ಸರ್ವಿಸ್ ಮಾಡಿಸುವಾಗ ಪಕ್ಕದಲ್ಲಿ ನಿಂತು ಮೂರು ಮಾತು ಕೇಳಿದರೆ ಸಾಕು: ವಾಷರು ಹೊಸದೇ? ಪೈಪು ಹಾಕಲಿಲ್ಲವಷ್ಟೆ? ಬಿಲ್ಲಿನಲ್ಲಿ ತಾರೀಖು, ಬಿಗಿಯ ಅಳತೆ, ಮಾಡಿದವರ ಹೆಸರು ಬರೆದಿದ್ದೀರಾ? ಹೆಸರು ಬರೆಯುವ ಕೈ ತಾನಾಗಿಯೇ ಹದವಾಗಿ ಬಿಗಿಯುತ್ತದೆ.

ಹೊರಬಿದ್ದ ಎಣ್ಣೆಯ ಬಗ್ಗೆ ಒಂದು ಮಾತು. ಅದನ್ನು ಅಂಗಳದ ಮೂಲೆಗೆ ಚೆಲ್ಲುವುದು, ಗೆದ್ದಲಿಗೆಂದು ಬೇಲಿಕಂಬಕ್ಕೆ ಬಳಿಯುವುದು ನಮ್ಮಲ್ಲಿ ರೂಢಿ. ಮೊದಲ ಮಳೆಗೆ ಅದು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಕೆಳಗಿನ ಮನೆಯವರ ಬಾವಿಗೆ. ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ನೆಲಕ್ಕೆ ಚೆಲ್ಲುವ ವಸ್ತುವೆಂದು ಎಣಿಸಿಲ್ಲ. ಪರವಾನಗಿ ಇದ್ದವರಿಗೆ ಮರುಬಳಕೆಗೆ ಸೇರಬೇಕಾದದ್ದದು. ಸಂಘದ ಗೋದಾಮಿನ ಬಳಿ ಮುಚ್ಚಳವಿರುವ ಒಂದು ಬ್ಯಾರಲ್ಲು ಇಟ್ಟರೆ ಸದಸ್ಯರು ಹಳೆಯ ಡಬ್ಬಿಯಲ್ಲಿ ತಂದು ಸುರಿಯುತ್ತಾರೆ.

ಬರುವ ವಾರ್ಷಿಕ ಮಹಾಸಭೆಯಲ್ಲಿ ದರ, ಬೋನಸ್ಸು, ಸಾಲದ ಚರ್ಚೆಗಳ ನಡುವೆ ಈ ಪೆಟ್ಟಿಗೆಯ ವಿಷಯಕ್ಕೂ ಐದು ನಿಮಿಷ ದೊರೆಯಲಿ ಎಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ. ನಿರ್ಣಯ ಮಂಡಿಸುವವರು ಮುಂದೆ ಬಂದರೆ ಅನುಮೋದಿಸಲು ನಾವು ಸಿದ್ಧ. ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಮುಂದಿನ ಸಲ ಪೇಟೆಗೆ ಹೋದಾಗ ನಿಮ್ಮ ಗಾಡಿಯ ಅಳತೆಯ ಎರಡು ವಾಷರು ಕೊಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಾಕಿಡಿ.